ಕಂಪ್ಯೂಟರಿನ ಒಳಗೇನಿದೆ? ಅದನ್ನೇ ಕೇಳೋಣ



ಕೃಷ್ಣಗಿರಿ ಮಂಡಿಯಲ್ಲಿ ಮಾವು ಕೊಳ್ಳುವವರು ಬಾಯಿಮಾತಿನ ತೂಕ ನಂಬಿ ದುಡ್ಡು ಕೊಡೋದಿಲ್ಲ, ತಕ್ಕಡಿಗೆ ಹಾಕಿ ನೋಡುತ್ತಾರೆ. ಕಂಪ್ಯೂಟರಿಗೂ ಒಂದು ತಕ್ಕಡಿ ಇದೆ. ಪೆಟ್ಟಿಗೆಯ ಮೇಲೆ ‘8 ಜಿಬಿ ರ‍್ಯಾಮ್’ ಅಂತ ಚೀಟಿ ಇದ್ದರೆ, ಒಳಗೆ ಅಷ್ಟು ಇದೆಯಾ ಎಂದು ಸ್ಕ್ರೂ ಬಿಚ್ಚದೆಯೇ ತಿಳಿಯಬಹುದು.

ಇದಕ್ಕೆ ಲಿನಕ್ಸ್ ಇರುವ ಕಂಪ್ಯೂಟರ್ ಬೇಕು. ತಮಿಳುನಾಡು ಸರಕಾರ 2011ರಿಂದ ಕೊಟ್ಟ ಉಚಿತ ಲ್ಯಾಪ್‌ಟಾಪ್‌ಗಳಲ್ಲಿ ಹಲವಕ್ಕೆ ಸಿ-ಡ್ಯಾಕ್ ರೂಪಿಸಿದ ‘ಬಾಸ್’ ಲಿನಕ್ಸ್ ಹಾಕಿದ್ದರು. ನಿಮ್ಮ ಅಣ್ಣ ಅಥವಾ ಅಕ್ಕನ ಹತ್ತಿರ ಅಂಥದ್ದಿದ್ದರೆ ಕೇಳಿ ನೋಡಿ. ಮೆನುವಿನಲ್ಲಿ ‘ಟರ್ಮಿನಲ್’ ತೆರೆದು, ಕೆಳಗಿನ ಆಜ್ಞೆಗಳನ್ನು ಇಂಗ್ಲಿಷಿನ ಚಿಕ್ಕ ಅಕ್ಷರಗಳಲ್ಲಿ ಬರೆದು ಎಂಟರ್ ಒತ್ತಿ. ಹೆದರಬೇಡಿ, ಇವು ಬರೀ ಕೇಳುತ್ತವೆ, ಏನನ್ನೂ ಬದಲಾಯಿಸೋದಿಲ್ಲ.

1. ಎಲ್‌ಎಸ್‌ಸಿಪಿಯು: ಐದೂ ಅಕ್ಷರ ಸೇರಿಸಿ ಬರೆಯಿರಿ. ಇದು ಪ್ರೊಸೆಸರ್ ವಿವರ ಕೊಡುತ್ತದೆ. ಸಾಕೆಟ್ ಅಂದರೆ ಪ್ರೊಸೆಸರ್ ಕೂರುವ ಜಾಗ, ಕೋರ್ ಅಂದರೆ ಅದರೊಳಗೆ ಲೆಕ್ಕ ಮಾಡುವ ಘಟಕ, ಥ್ರೆಡ್ ಅಂದರೆ ಒಂದು ಕೋರ್ ಏಕಕಾಲಕ್ಕೆ ಹಿಡಿಯಬಲ್ಲ ಕೆಲಸದ ಸಾಲು. ಸಾಕೆಟ್ 1, ಕೋರ್ 4, ಥ್ರೆಡ್ 2 ಇದ್ದರೆ 1 × 4 × 2 = 8. ಮೇಲಿನ ‘ಸಿಪಿಯು’ ಸಾಲಿನಲ್ಲೂ 8 ಬಂದಿದೆಯಾ, ತಾಳೆ ನೋಡಿ.

2. ಫ್ರೀ: ಇದರ ಮುಂದೆ ಜಾಗ ಬಿಟ್ಟು, ಅಡ್ಡಗೆರೆ ಮತ್ತು ಎಚ್ ಬರೆಯಿರಿ. ರ‍್ಯಾಮ್ ಲೆಕ್ಕ ಬರುತ್ತದೆ. 8ರ ಬದಲು 7.7 ಅಂತ ಕಂಡರೆ ಚಿಂತೆ ಬೇಡ. ಸ್ವಲ್ಪ ಜಾಗವನ್ನು ಯಂತ್ರವೇ ತನಗಾಗಿ ಕಾದಿರಿಸಿಕೊಳ್ಳುತ್ತದೆ. ಆದರೆ 4 ಜಿಬಿಯ ಎರಡು ರ‍್ಯಾಮ್ ಪಟ್ಟಿ ಇರುವ ಕಂಪ್ಯೂಟರ್ 3.7 ಎಂದರೆ? ಒಂದು ಪಟ್ಟಿ ಸರಿಯಾಗಿ ಕೂತಿಲ್ಲ, ಕೆಟ್ಟಿದೆ, ಇಲ್ಲವೇ ಅಲ್ಲಿ ಇಲ್ಲವೇ ಇಲ್ಲ! ಶಿಕ್ಷಕರಿಗೆ ತಿಳಿಸಿ.

3. ಎಲ್‌ಎಸ್‌ಬಿಎಲ್‌ಕೆ: ಇದು ಡಿಸ್ಕ್ ತೋರಿಸುತ್ತದೆ. 500 ಜಿಬಿ ಡಿಸ್ಕಿಗೆ ಸುಮಾರು 465.8 ಬರುತ್ತದೆ. ಉಳಿದದ್ದು ಕಳವಾಯಿತಾ? ಇಲ್ಲ, ಅಳತೆಗೋಲು ಬೇರೆ. ತಯಾರಕರ ‘ಗಿಗಾ’ ಅಂದರೆ 10⁹, ಅಂದರೆ 100 ಕೋಟಿ ಬೈಟ್. ಈ ಆಜ್ಞೆಯ ‘ಜಿ’ ಅಂದರೆ 2³⁰, ಸುಮಾರು 107.37 ಕೋಟಿ ಬೈಟ್. 50,000 ಕೋಟಿಯನ್ನು 107.37 ಕೋಟಿಯಿಂದ ಭಾಗಿಸಿ ನೋಡಿ.

ಇನ್ನು ದೊಡ್ಡ ಯಂತ್ರಗಳ ಮಾತು. ಹೊಸೂರಿನಿಂದ ಸುಮಾರು 40 ಕಿ.ಮೀ. ದೂರದ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಪರಮ್ ಪ್ರವೇಗ’ ಸೂಪರ್ ಕಂಪ್ಯೂಟರ್ ಇದೆ. 2022ರಲ್ಲಿ ಆರಂಭವಾದ ಇದರ ಗರಿಷ್ಠ ವೇಗ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 3.3 × 10¹⁵ ಲೆಕ್ಕ. ಇದು ಒಂದೇ ಯಂತ್ರವಲ್ಲ, ಅನೇಕ ಸರ್ವರ್‌ಗಳ ಗುಂಪು. ಗುಂಪಿನ ಒಂದೊಂದು ಸರ್ವರ್‌ಗೂ ‘ನೋಡ್’ ಎಂದು ಹೆಸರು.

ಇಂಥ ಗುಂಪುಗಳಲ್ಲಿ ಕೆಲಸ ಹಂಚಲು ‘ಸ್ಲರ್ಮ್’ ಎಂಬ ತಂತ್ರಾಂಶ ಬಳಸುತ್ತಾರೆ. ಯಾವ ನೋಡಿನಲ್ಲಿ ಎಷ್ಟು ಕೋರ್, ಎಷ್ಟು ರ‍್ಯಾಮ್ ಎಂಬ ಪಟ್ಟಿ ಅದರ ಬಳಿ ಇರುತ್ತದೆ. ‘ಸ್ಲರ್ಮ್‌ಡಿ’ ಆಜ್ಞೆಗೆ ಅಡ್ಡಗೆರೆ ಮತ್ತು ದೊಡ್ಡ ಸಿ ಸೇರಿಸಿ ಕೊಟ್ಟರೆ, ನೋಡ್ ತನ್ನೊಳಗೆ ನಿಜವಾಗಿ ಏನಿದೆ ಎಂದು ಹೇಳುತ್ತದೆ. ಒಂದು ರ‍್ಯಾಮ್ ಪಟ್ಟಿ ಕೆಟ್ಟು ನಿಜವಾದ ಲೆಕ್ಕ ಪಟ್ಟಿಗಿಂತ ಕಡಿಮೆಯಾದರೆ, ಸಾಮಾನ್ಯವಾಗಿ ಸ್ಲರ್ಮ್ ಆ ನೋಡಿಗೆ ಹೊಸ ಕೆಲಸ ಕೊಡೋದನ್ನೇ ನಿಲ್ಲಿಸುತ್ತದೆ. ಯಾಕೆ ಗೊತ್ತಾ? ದಿನಗಟ್ಟಲೆ ನಡೆಯುವ ಹವಾಮಾನದ ಲೆಕ್ಕವೊಂದು ರ‍್ಯಾಮ್ ಸಾಲದೆ ನಡುವೆ ನಿಂತರೆ ಅಷ್ಟು ಹೊತ್ತಿನ ದುಡಿಮೆ ನೀರುಪಾಲು.

ಬರೆದಿಟ್ಟದ್ದು ಒಂದು, ಅಳೆದದ್ದು ಇನ್ನೊಂದು. ಎರಡೂ ತಾಳೆಯಾದರೆ ಸರಿ. ಆಗದಿದ್ದರೆ ಕಾರಣ ಹುಡುಕಬೇಕು. 7.7ಕ್ಕೆ ಒಂದು ಕಾರಣ, 465.8ಕ್ಕೆ ಇನ್ನೊಂದು, 3.7ಕ್ಕೆ ಮತ್ತೊಂದು. ವಿಜ್ಞಾನದ ಕೆಲಸ ಇದೇ ಅಲ್ಲವೇ?

ಮಾಡಿ ನೋಡಿ
ಅ) ಸಾಕೆಟ್ 2, ಕೋರ್ 24, ಥ್ರೆಡ್ 2 ಇರುವ ಸರ್ವರ್‌ನಲ್ಲಿ ‘ಸಿಪಿಯು’ ಎಷ್ಟು?
ಆ) 1,000 ಜಿಬಿ ಡಿಸ್ಕ್ ಮೂರನೇ ಆಜ್ಞೆಗೆ ಸುಮಾರು ಎಷ್ಟು ತೋರಿಸುತ್ತದೆ?

ಉತ್ತರ: ಅ) 96 ಆ) 931