ಸಿಗಡಿಯ ತೊಟ್ಟಿಯಲ್ಲಿ ನೆಲ ಮತ್ತು ನೀರು

ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನುಗಳನ್ನು ಸಾಕುವವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಸಿಹಿನೀರಿನ ಸಿಗಡಿಯನ್ನು ಸಾಕುವವರು ವಿರಳ. ಸುಮಾರು ಒಂದು ಅಂಗುಲ ಉದ್ದದ ಈ ಜೀವಿ ಪಾಚಿಯನ್ನೂ ಕೊಳೆತ ಎಲೆಯನ್ನೂ ತಿಂದು ಬದುಕುತ್ತದೆ. ನೋಡಲು ಸೊಗಸು, ಸಾಕಲು ಸುಲಭವೆಂದೂ ತೋರುತ್ತದೆ. ಆದರೂ ಕೊಂಡು ತಂದ ಸಿಗಡಿಗಳು ಕೆಲವೇ ದಿನಗಳಲ್ಲಿ ಒಂದೊಂದಾಗಿ ಸಾಯುವುದುಂಟು. ಅನೇಕ ವೇಳೆ ಇದಕ್ಕೆ ಕಾರಣ ಆಹಾರವಲ್ಲ, ನೀರು. ನೀರಿನ ಗುಣವಾದರೋ ತಳದಲ್ಲಿ ಹಾಸಿದ ಮಣ್ಣು ಕಲ್ಲುಗಳನ್ನೂ ಅವಲಂಬಿಸಿದೆ. ಇತಿಹಾಸದ ವಿದ್ಯಾರ್ಥಿಯಾದ ನಾನು ಮೂರು ವರ್ಷ ಸಿಗಡಿ ಸಾಕಿ, ಓದಿ ತಿಳಿದುಕೊಂಡುದನ್ನು ಇಲ್ಲಿ ಸಹಪಾಠಿಗಳ ಮುಂದಿಡುತ್ತೇನೆ.

ನೀರು ಆಮ್ಲವೋ ಕ್ಷಾರವೋ ಎಂಬುದನ್ನು ತಿಳಿಸುವ ಅಳತೆಗೆ ಪಿ.ಎಚ್. ಎಂದು ಹೆಸರು. 1909ರಲ್ಲಿ ಸೋರೆನ್‌ಸೆನ್ ಎಂಬ ರಸಾಯನಶಾಸ್ತ್ರಜ್ಞನು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಇದನ್ನು ರೂಪಿಸಿದನು. 7 ಎಂದರೆ ಸಮ. ಅದಕ್ಕೆ ಕೆಳಗೆ ಆಮ್ಲ, ಮೇಲೆ ಕ್ಷಾರ. ಅಳತೆ ಒಂದಂಕಿ ಇಳಿಯಿತೆಂದರೆ ಆಮ್ಲತೆ ಹತ್ತು ಪಟ್ಟು ಏರಿತೆಂದು ತಿಳಿಯಬೇಕು. ಆದುದರಿಂದ ಅಂಕಿಯ ಸಣ್ಣ ಏರಿಳಿತವೂ ಸಿಗಡಿಯ ಪಾಲಿಗೆ ಸಣ್ಣದಲ್ಲ.

ಅಂಗಡಿಗಳಲ್ಲಿ ದೊರೆಯುವ ಸಿಗಡಿಗಳಲ್ಲಿ ಎರಡು ಬಗೆ ಮುಖ್ಯವಾದುವು. ಮೊದಲನೆಯದು ಕೆಂಪು ಚೆರ್ರಿ ಸಿಗಡಿ. ಶಾಸ್ತ್ರೀಯ ಹೆಸರು ನಿಯೋಕ್ಯಾರಿಡಿನ ಡೇವಿಡಿ. ಚೀನ, ಕೊರಿಯ, ತೈವಾನ್‌ಗಳು ಇದರ ತವರು. 6.5ರಿಂದ 8ರವರೆಗಿನ, ಸ್ವಲ್ಪ ಗಡಸಾದ ನೀರು ಇದಕ್ಕೆ ಒಗ್ಗುತ್ತದೆ. ಎರಡನೆಯದು ಕ್ಯಾರಿಡಿನ ಕುಲದ ಪಟ್ಟೆಗಳ ಬೀ ಸಿಗಡಿ. ದಕ್ಷಿಣ ಚೀನದ ತೊರೆಗಳ ಈ ಜೀವಿಗೆ ಸುಮಾರು 5.5ರಿಂದ 6.8ರ, ಮೆದುವಾದ ನೀರು ಬೇಕು. ಇವೆರಡನ್ನೂ ಒಂದೇ ತೊಟ್ಟಿಯಲ್ಲಿಟ್ಟರೆ ಯಾವುದಾದರೊಂದಕ್ಕೆ ಅನ್ಯಾಯವಾಗುವುದು.

ಇನ್ನು ತಳಹಾಸು. ಇದರಲ್ಲಿ ಮೂರು ವರ್ಗಗಳನ್ನು ಗುರುತಿಸಬಹುದು. ಬೆಣಚುಕಲ್ಲಿನ ಮರಳು, ಗ್ರಾನೈಟಿನ ಸಣ್ಣ ಹರಳು ಮೊದಲಾದುವು ನೀರಿನ ಗುಣವನ್ನು ಹೆಚ್ಚುಕಡಮೆ ಹಾಗೆಯೇ ಬಿಡುತ್ತವೆ. ಹವಳದ ಚೂರು, ಚಿಪ್ಪು, ಸುಣ್ಣಕಲ್ಲುಗಳು ಮೆಲ್ಲಗೆ ಕರಗಿ ಪಿ.ಎಚ್. ಅನ್ನೂ ಗಡಸುತನವನ್ನೂ ಏರಿಸುತ್ತವೆ. ಸಂದೇಹವಿದ್ದ ಕಲ್ಲಿನ ಮೇಲೆ ನಾಲ್ಕು ಹನಿ ವಿನಿಗರ್ ಹಾಕಿ ನೋಡಿದರೆ ಸಾಕು. ಗುಳ್ಳೆಯೆದ್ದರೆ ಅದರಲ್ಲಿ ಸುಣ್ಣವಿದೆ. ಮೂರನೆಯದು ಮಣ್ಣನ್ನು ಹದವಾಗಿ ಸುಟ್ಟು ಮಾಡಿದ ಗುಂಡುಗಳು. ಅಂಗಡಿಯವರು ಆಕ್ವಾ ಸಾಯಿಲ್ ಎನ್ನುತ್ತಾರೆ. ಇದು ನೀರಿನ ಗಡಸುತನವನ್ನು ಹೀರಿ ಪಿ.ಎಚ್. ಅನ್ನು ಇಳಿಸುತ್ತದೆ. ಆದರೆ ಇದರ ಶಕ್ತಿ ಅಕ್ಷಯವಲ್ಲ. ಗಡಸು ನೀರನ್ನೇ ಹೊಯ್ಯುತ್ತಿದ್ದರೆ ಬೇಗನೆ ಬರಿದಾಗುತ್ತದೆ. ಆದುದರಿಂದ ಬೀ ಸಿಗಡಿ ಸಾಕುವವರು ಆರ್.ಓ. ನೀರಿಗೆ ತಕ್ಕ ಲವಣಗಳನ್ನು ಬೆರೆಸಿ ಬಳಸುತ್ತಾರೆ. ಹೊಸದರಲ್ಲಿ ಈ ಮಣ್ಣು ಅಮೋನಿಯವನ್ನು ಬಿಡುವುದೂ ಉಂಟು.

ತಳಹಾಸಿನ ಗೊಡವೆಯಿಲ್ಲದೆ, ಆಮ್ಲದ ಹನಿಗಳಿಂದಲೇ ಪಿ.ಎಚ್. ಇಳಿಸಬಾರದೇ ಎಂದು ಕೆಲವರು ಕೇಳಬಹುದು. ಗಡಸು ನೀರಿನಲ್ಲಿ ಸಾಮಾನ್ಯವಾಗಿ ಬೈಕಾರ್ಬೊನೇಟ್ ಹೇರಳವಾಗಿರುತ್ತದೆ. ಹಾಕಿದ ಆಮ್ಲವನ್ನು ಅದು ನುಂಗಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಆ ಅನಿಲ ಹಾರಿಹೋದಂತೆ, ಇಂದು ಇಳಿದ ಅಂಕಿ ನಾಳೆ ಮತ್ತೆ ಏರುತ್ತದೆ. ಬೆಳೆಯಲು ಹಳೆಯ ಚಿಪ್ಪನ್ನು ಕಳಚಲೇಬೇಕಾದ ಸಿಗಡಿಗೆ ಈ ಏರಿಳಿತವೇ ಮಾರಕ. ತನಗೆ ಒಗ್ಗುವ ಮಿತಿಯೊಳಗೆ ನಿಂತ ಅಂಕಿಯನ್ನು ಸಿಗಡಿ ಸಹಿಸುತ್ತದೆ; ದಿನಕ್ಕೊಂದು ಅಂಕಿಯನ್ನು ಸಹಿಸದು.

ಇದರಿಂದ ನಾನು ಕಂಡುಕೊಂಡ ಕ್ರಮ ಹೀಗಿದೆ: ಮೊದಲು ಮನೆಯ ನೀರನ್ನು ಅಳೆಯುವುದು, ಅದಕ್ಕೆ ಒಪ್ಪುವ ಸಿಗಡಿಯನ್ನು ಆರಿಸುವುದು, ಆಮೇಲೆ ತಳಹಾಸನ್ನು ನಿಶ್ಚಯಿಸುವುದು. ನಮ್ಮ ಮನೆಯ ಕೊಳವೆ ಬಾವಿಯ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿಯ ಪೊರೆಗಟ್ಟುವಂಥದು; ಅಳತೆ 7.8. ಆದುದರಿಂದ ಬೆಣಚು ಮರಳನ್ನು ಹಾಸಿ ಚೆರ್ರಿ ಸಿಗಡಿಯನ್ನೇ ಸಾಕಿದ್ದೇನೆ. ಅವು ಮರಿಮಾಡುತ್ತಲಿವೆ.

ಪಾಲನೆಯಲ್ಲಿ ಕೆಲವು ಮಾತುಗಳನ್ನು ಮರೆಯಬಾರದು. ತೊಟ್ಟಿ ಕಟ್ಟಿದ ಮೇಲೆ ಅಮೋನಿಯವೂ ನೈಟ್ರೈಟೂ ಸೊನ್ನೆಗೆ ಬರುವವರೆಗೆ ಕೆಲವು ವಾರ ಕಾಯತಕ್ಕದ್ದು. ಪಿ.ಎಚ್. ಏರಿದಷ್ಟೂ ಅಮೋನಿಯದ ವಿಷ ಹೆಚ್ಚು: 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ವಿಷರೂಪದ ಅಮೋನಿಯ 7ರಲ್ಲಿ ಶೇಕಡ 1ಕ್ಕಿಂತ ಕಡಮೆ, 8ರಲ್ಲಿ ಸುಮಾರು 5. ಹೊಸ ಸಿಗಡಿಯನ್ನು ಬಿಡುವಾಗ ತೊಟ್ಟಿಯ ನೀರನ್ನು ಸಣ್ಣ ಕೊಳವೆಯಿಂದ ಹನಿಹನಿಯಾಗಿ ಒಂದೆರಡು ಗಂಟೆ ಬೆರೆಸಬೇಕು. ವಾರಕ್ಕೆ ಹತ್ತನೆಯ ಒಂದು ಪಾಲು ನೀರನ್ನು ಬದಲಿಸಿದರೆ ಸಾಕು. ಗಿಡಗಳು ಹಗಲಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಹೀರುವುದರಿಂದ ಸಂಜೆಯ ಅಂಕಿ ಬೆಳಗಿನದಕ್ಕಿಂತ ಮೇಲಿರುತ್ತದೆ. ಪ್ರತಿಸಲವೂ ಒಂದೇ ಹೊತ್ತಿನಲ್ಲಿ ಅಳೆಯಬೇಕು. ತಾಮ್ರ ಸೇರಿದ ಮೀನಿನ ಔಷಧಿಗಳನ್ನು ಹತ್ತಿರ ಸೇರಿಸಬಾರದು.

ಮೂಕಜೀವಿಯನ್ನು ಗಾಜಿನೊಳಗೆ ತಂದಿಟ್ಟ ಮೇಲೆ ಅದಕ್ಕೆ ಬೇರೆ ತೊರೆಗೆ ಹೋಗುವ ದಾರಿಯಿಲ್ಲ. ನಾವು ಕೊಟ್ಟುದೇ ಅದರ ಲೋಕ. ಕೊಳ್ಳುವ ಮುನ್ನ ಮನೆಯ ಒಂದು ಲೋಟ ನೀರನ್ನು ಅಳೆದು ನೋಡಿರೆಂದು ಮಿತ್ರರನ್ನು ಬೇಡುತ್ತೇನೆ. ಇದರಿಂದ ಕೆಲವು ಸಿಗಡಿಗಳಾದರೂ ಬದುಕಿಕೊಂಡರೆ ಈ ಬರಹ ಸಾರ್ಥಕ.