ಬೆಂಗಳೂರು ಬ್ಲೂ: ಬಾಟಲಿಗಾಗಿ ಬೆಳೆಯುವವರಿಗೆ 7 ಯಶಸ್ಸಿನ ಸೂತ್ರಗಳು

ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಮನೆಯವರ ಜಮೀನಿದೆಯೇ? ಓದು ಮುಗಿದಿದೆ, ಅಥವಾ ಕೆಲಸದಲ್ಲಿದ್ದೂ ತೋಟದ ಮೇಲೆ ಕಣ್ಣಿದೆಯೇ? ಹಾಗಿದ್ದರೆ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಜ್ಯೂಸ್ ಮತ್ತು ವೈನ್‌ನ ಕಚ್ಚಾ ಮಾಲಾಗಿ ನೋಡುವುದನ್ನು ಇಂದೇ ಶುರು ಮಾಡಿ.

1. ತಳಿಯ ಜಾತಕ ಓದಿ.
ನಮ್ಮ ಬೆಂಗಳೂರು ಬ್ಲೂ ಅಮೆರಿಕದಲ್ಲಿ ಇಸಬೆಲ್ಲಾ. ಅಲ್ಲಿನ ಕಾಡುದ್ರಾಕ್ಷಿ ಲ್ಯಾಬ್ರುಸ್ಕಾ ಮತ್ತು ಯುರೋಪಿನ ವಿನಿಫೆರಾ ಬೆರೆತು ಹುಟ್ಟಿದ ಹೈಬ್ರಿಡ್. 1816ರಲ್ಲಿ ಫ್ಲಶಿಂಗ್‌ನ ನರ್ಸರಿ ಮಾಲೀಕ ವಿಲಿಯಂ ಪ್ರಿನ್ಸ್‌ಗೆ ಇದು ಬ್ರೂಕ್ಲಿನ್‌ನ ಇಸಬೆಲ್ಲಾ ಗಿಬ್ಸ್ ಅವರ ತೋಟದಿಂದ ಸಿಕ್ಕಿತು. ಆಕೆಯ ಹೆಸರೇ ನಿಂತಿತು. ಒಂದು ಹಣ್ಣನ್ನು ಬೆರಳಲ್ಲಿ ಹಿಚುಕಿ ನೋಡಿ. ಸಿಪ್ಪೆ ಕೈಯಲ್ಲೇ ಉಳಿದು ತಿರುಳು ಗೋಲಿಯ ಹಾಗೆ ಜಾರಿ ಬರುತ್ತದೆ, ಜೊತೆಗೇ ಘಮ್ಮೆನ್ನುವ ಪರಿಮಳ. ಅದು ಲ್ಯಾಬ್ರುಸ್ಕಾ ರಕ್ತದ ಗುರುತು. ನೀವು ಮಾರಬೇಕಾದದ್ದು ಇದನ್ನೇ.

2. "ಹಳೇ ತಳಿ, ಯಾರು ಕೇಳ್ತಾರೆ?" ಅನ್ನುವ ಚಾಳಿ ಬಿಡಿ.
ಬೀಜ ಇದೆ, ಹುಳಿ ಇದೆ, ನಿಜ. ಫ್ರಾನ್ಸ್ ಸರ್ಕಾರ 1934ರಲ್ಲಿ ಇಸಬೆಲ್ಲಾ ಸೇರಿ ಆರು ತಳಿಗಳನ್ನು ನಿಷೇಧಿಸಿದ್ದೂ ನಿಜ. ಆದರೆ ದಕ್ಷಿಣ ಬ್ರೆಜಿಲ್‌ನಲ್ಲಿ ಇಟಲಿಯಿಂದ ಬಂದು ನೆಲೆಸಿದ ರೈತರು ಇದೇ ಹಣ್ಣಿನ ಮೇಲೆ ದೊಡ್ಡ ಜ್ಯೂಸ್ ಉದ್ಯಮ ಕಟ್ಟಿದರು. ನಮ್ಮ ಹಣ್ಣಿಗೆ ಜಿಐ (ಭೌಗೋಳಿಕ ಸೂಚಿ) ಟ್ಯಾಗ್ ಕೂಡ ಇದೆ. ಅಳುಕು ಬಂದಾಗಲೆಲ್ಲ ಈ ಮಾತು ನೆನಪಿಸಿಕೊಳ್ಳಿ.

3. ಕೊಳ್ಳುವವರನ್ನು ಮೊದಲು ಹುಡುಕಿ, ಗುಂಡಿ ಆಮೇಲೆ ತೆಗೆಯಿರಿ.
ವೈನರಿಗೆ ಹೋಗಿ. ಜ್ಯೂಸ್ ಘಟಕಕ್ಕೆ ಹೋಗಿ. ಎಷ್ಟು ಟನ್, ಯಾವ ತಿಂಗಳು, ಎಷ್ಟು ಬ್ರಿಕ್ಸ್ (ರಸದಲ್ಲಿನ ಸಕ್ಕರೆಯ ಅಳತೆ) ಎಂದು ಕೇಳಿ ಬರೆದುಕೊಳ್ಳಿ. ಬೆಂಗಳೂರಿನ ಹವೆಯಲ್ಲಿ ಈ ಬಳ್ಳಿ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಸವರಿದ ಮೇಲೆ ಹಣ್ಣಾಗಲು ನಾಲ್ಕು ತಿಂಗಳ ಮೇಲೆ ಬೇಕು. ಅವರು ಹೇಳಿದ ತಿಂಗಳಿಂದ ಹಿಂದಕ್ಕೆ ಎಣಿಸಿ ಸವರುವ ದಿನ ಗೊತ್ತು ಮಾಡಿ.

4. ಚಪ್ಪರಕ್ಕೆ ಜಿಪುಣತನ ಬೇಡ, ಕತ್ತರಿಗೆ ದಾಕ್ಷಿಣ್ಯ ಬೇಡ.
ಬಳ್ಳಿ ಜೋರಾಗಿ ಹಬ್ಬುತ್ತದೆ. ಕಲ್ಲುಕಂಬ, ತಂತಿ ಗಟ್ಟಿಯಾಗಿರಲಿ. ಕಡ್ಡಿಯ ಬುಡದ ಕಣ್ಣಲ್ಲೇ ಗೊಂಚಲು ಬರುವ ತಳಿ ಇದು. ಹಾಗಾಗಿ ಉದ್ದ ಕಡ್ಡಿ ಉಳಿಸಿಕೊಂಡು ಕೂರಬೇಡಿ.

5. ಡೌನಿ ಬರುವ ಮೊದಲೇ ಕೆಲಸ ಮುಗಿಸಿ.
ಚಿಬ್ಬು ರೋಗವನ್ನು ಈ ತಳಿ ಚೆನ್ನಾಗಿ ತಡೆದುಕೊಳ್ಳುತ್ತದೆ. ಡೌನಿ ಎಂಬ ಬೂಜು ರೋಗಕ್ಕೆ ಮಾತ್ರ ಬೇಗ ಸೋಲುತ್ತದೆ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಎಲೆ ಮಗುಚಿ ನೋಡಿ. ಅಡಿಯಲ್ಲಿ ಬಿಳಿ ಬೂಜು ಕಂಡರೆ ಆಗಲೇ ತಡವಾಗಿದೆ. ಹೂವಿನ ಹೊತ್ತಿನಲ್ಲಿ ಮಳೆ ಹಿಡಿದರೆ ಗೊಂಚಲೇ ಕೈತಪ್ಪುತ್ತದೆ. 1% ಬೋರ್ಡೋ ದ್ರಾವಣ ಮಾಡುವುದನ್ನು ಸ್ವತಃ ಕಲಿಯಿರಿ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ ಆಮೇಲೆ ಬೆರೆಸಿ. ಉಜ್ಜಿದ ಕಬ್ಬಿಣದ ಚಾಕು ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಮಾಡಿದ ದಿನವೇ ಬಳಸಿ. ಎಷ್ಟೋ ತೋಟಗಳಲ್ಲಿ ಗೆಲುವು-ಸೋಲು ಇಲ್ಲೇ ತೀರ್ಮಾನವಾಗುತ್ತದೆ, ಅದಕ್ಕೇ ಇಷ್ಟು ಹೇಳಿದೆ.

6. ಬಣ್ಣ ನಂಬಬೇಡಿ, ಮೀಟರ್ ನಂಬಿ.
ಸಕ್ಕರೆ ಏರುವ ಎಷ್ಟೋ ದಿನ ಮೊದಲೇ ಹಣ್ಣು ಕಪ್ಪಾಗುತ್ತದೆ. ಆಸೆಬಿದ್ದು ಆಗಲೇ ಕಿತ್ತರೆ ಬರೀ ಹುಳಿ. ಒಂದು ರಿಫ್ರ್ಯಾಕ್ಟೋಮೀಟರ್ ಕೊಳ್ಳಿ. ಬೇರೆ ಬೇರೆ ಬಳ್ಳಿಗಳಿಂದ, ಗೊಂಚಲಿನ ಮೇಲೆ, ನಡುವೆ, ತುದಿಯಿಂದ ಹಣ್ಣು ತೆಗೆದು ರಸ ಬೆರೆಸಿ ಅಳೆಯಿರಿ. ಈ ತಳಿಯಲ್ಲಿ 16ರಿಂದ 18 ಬ್ರಿಕ್ಸ್ ಸಿಗುತ್ತದೆ. ಲೆಕ್ಕ ಅರ್ಥ ಮಾಡಿಕೊಳ್ಳಿ: 16 ಬ್ರಿಕ್ಸ್ ರಸ ಪೂರ್ತಿ ಹುದುಗಿದರೂ ಆಲ್ಕೋಹಾಲ್ ಸುಮಾರು 9% ಮಾತ್ರ. ಊಟದ ಜೊತೆ ಕುಡಿಯುವ ಡ್ರೈ ವೈನ್‌ಗೆ ಇದು ಕಡಿಮೆ. ಅದಕ್ಕೇ ಈ ಹಣ್ಣು ಇಲ್ಲಿ ಪೋರ್ಟ್ ಮಾದರಿಯ ಸಿಹಿ ವೈನ್‌ಗೆ ಹೆಚ್ಚು ಹೋಗುತ್ತದೆ. ಕ್ಯಾಬರ್ನೆಯಂಥ ವೈನ್ ದ್ರಾಕ್ಷಿ ಜೊತೆ ಪೈಪೋಟಿಗೆ ನಿಲ್ಲಿಸಬೇಡಿ. ಪರಿಮಳ, ಹುಳಿ, ಕಡುಬಣ್ಣ ಬೇಕೆನ್ನುವವರ ಹತ್ತಿರ ರೇಟ್ ಮಾತಾಡಿ.

7. ಸ್ವಂತ ಬಾಟಲಿ ಬೇಕೇ? ಜ್ಯೂಸ್‌ನಿಂದ ಶುರು ಮಾಡಿ.
ವೈನ್ ಮಾಡಿ ಮಾರಲು ಅಬಕಾರಿ ಲೈಸೆನ್ಸ್ ಬೇಕು. ಜ್ಯೂಸ್‌ಗೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ದಾರಿ ಹಿಡಿಯಿರಿ, ಹೂಡಿಕೆಯೂ ಹಗುರ. 1869ರಲ್ಲಿ ನ್ಯೂಜೆರ್ಸಿಯ ದಂತವೈದ್ಯ ಥಾಮಸ್ ವೆಲ್ಚ್ ಇದೇ ಬಳಗದ ಕಾಂಕರ್ಡ್ ದ್ರಾಕ್ಷಿ ರಸವನ್ನು ಬಾಟಲಿಯಲ್ಲಿ ಕಾಯಿಸಿ ಹುದುಗದಂತೆ ನಿಲ್ಲಿಸಿದರು. ಮೂಲ ತತ್ವ ಇಂದಿಗೂ ಅದೇ. ಹಣ್ಣು ಬಿಡಿಸಿ, ಜಜ್ಜಿ, 60 ಡಿಗ್ರಿ ಸುತ್ತಮುತ್ತ ಬಿಸಿ ಮಾಡಿ. ಸಿಪ್ಪೆಯ ಬಣ್ಣ ರಸಕ್ಕಿಳಿಯುತ್ತದೆ. ಹಿಂಡಿ, ಸೋಸಿ, ಫ್ರಿಜ್ಜಿನ ತಂಪಿನಲ್ಲಿಡಿ. ತಳದಲ್ಲಿ ಸಕ್ಕರೆ ಹರಳಿನಂಥದ್ದು ಕೂತರೆ ಗಾಬರಿ ಬೇಡ, ಅದು ದ್ರಾಕ್ಷಿಯದೇ ಟಾರ್ಟರ್. ಮೇಲಿನ ತಿಳಿ ತೆಗೆದು, ಪಾಶ್ಚರೀಕರಿಸಿ ಬಾಟಲಿಗೆ ತುಂಬಿ. ಪ್ರತಿ ಬ್ಯಾಚ್‌ನಲ್ಲಿ ಎರಡು ಬಾಟಲಿ ಎತ್ತಿಡಿ. ತಿಂಗಳ ಮೇಲೆ ತೆರೆದು ಬಣ್ಣ, ರುಚಿ, ತಳದ ಗಸಿ ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಅಂಗಡಿಯವರ ಹತ್ತಿರ ಆರ್ಡರ್ ಕೇಳಲು ಹೋಗುವಾಗ ಆ ಪುಸ್ತಕ ಕೈಯಲ್ಲಿರಲಿ.