ಮರದ ಗುಳಿಗೆ: ಹಟ್ಟಿಗೋ, ಒಲೆಗೋ, ಬೆಕ್ಕಿಗೋ?



ಪ್ರಾಣಿಗಳ ಅಡಿಗೆ ಹಾಸಲೆಂದು ಮಾರುವ ಮರದ ಗುಳಿಗೆಗಳು 'ಪೆಲೆಟ್' ಎಂಬ ಹೆಸರಿನಲ್ಲಿ ಈಗ ನಮ್ಮ ದೇಶದ ಮಾರುಕಟ್ಟೆಯಲ್ಲೂ ಸಿಗುತ್ತವೆ. ಪಾಶ್ಚಾತ್ಯ ದೇಶಗಳಲ್ಲಿ ಇವನ್ನು ಕುದುರೆ ಲಾಯಕ್ಕೆ ಹಾಸುತ್ತಾರೆ. ಚಳಿಗಾಲದಲ್ಲಿ ಮನೆ ಬೆಚ್ಚಗಾಗಿಸುವ ಒಲೆಗೂ ಬೆಕ್ಕಿನ ಮಲಮೂತ್ರದ ತಟ್ಟೆಗೂ ಇಂತಹವನ್ನೇ ಬಳಸುತ್ತಾರೆ. ಒಂದೇ ಚೀಲ ಮೂರು ಕೆಲಸಕ್ಕೆ ಆದೀತೇ? ಆದೀತು. ಆದರೆ ಎರಡು ಸಂಗತಿ ತಿಳಿದಿರಬೇಕು: ಅದು ಎಂತಹ ಮರದ ಹುಡಿ, ಮತ್ತು ಮಲಮೂತ್ರ ತಾಗಿದ ಮೇಲೆ ಅದು ಎಲ್ಲಿಗೆ ಹೋಗಬೇಕು.

ಗುಳಿಗೆಯ ಗುಣ

ಒಣಗಿಸಿದ ಮರದ ಹುಡಿಯನ್ನು ಯಂತ್ರದಲ್ಲಿ ಬಲವಾಗಿ ಒತ್ತಿ, ಸಾಮಾನ್ಯವಾಗಿ 6 ಅಥವಾ 8 ಮಿಲಿಮೀಟರ್ ದಪ್ಪದ ಗುಳಿಗೆ ಮಾಡುತ್ತಾರೆ. ಮರದಲ್ಲೇ ಇರುವ ಲಿಗ್ನಿನ್ ಎಂಬ ಅಂಶ ಬಿಸಿಗೆ ಮೆದುವಾಗಿ ಅಂಟಿನಂತೆ ಹಿಡಿದುಕೊಳ್ಳುತ್ತದೆ. ಉರುವಲಿಗೆ ಮಾಡಿದ ಉತ್ತಮ ಗುಳಿಗೆಯಲ್ಲಿ ನೀರಿನಂಶ ಶೇಕಡಾ 10ಕ್ಕಿಂತ ಹೆಚ್ಚಿರಬಾರದು. ನೀರು ತಾಗಿದರೆ ಗುಳಿಗೆ ಉಬ್ಬಿ ಮತ್ತೆ ಹುಡಿಯಾಗುತ್ತದೆ. ಹೀಗೆ ನೀರು ಹೀರುವುದರಿಂದಲೇ ಹಟ್ಟಿಗೆ ಉಪಯೋಗ. ಅದೇ ಕಾರಣದಿಂದ ಮಳೆಗಾಲದಲ್ಲಿ ಚೀಲ ಜೋಪಾನ. ಪಶು ಆಹಾರದ ಗುಳಿಗೆಯಂತೆಯೇ ಕಾಣುವುದರಿಂದ ಎರಡನ್ನೂ ಬೇರೆ ಬೇರೆ ಇಡಿರಿ.

ಹಟ್ಟಿಯಲ್ಲಿ

ತರಗೆಲೆ, ಬೈಹುಲ್ಲಿನ ಬದಲಿಗೆ ಗುಳಿಗೆಯನ್ನಾಗಲೀ ಮರದ ಮಿಲ್ಲಿನ ಒಣ ಹುಡಿಯನ್ನಾಗಲೀ ಹಾಸಬಹುದು. ಆದರೆ ಒದ್ದೆ ಹುಡಿಯಲ್ಲಿ ಕೆಚ್ಚಲು ಬಾವು ತರುವ ರೋಗಾಣುಗಳು ಬೆಳೆಯುತ್ತವೆ. ಹಾಲು ಕೊಡುವ ದನದ ಅಡಿಯಿಂದ ಒದ್ದೆಯಾದುದನ್ನು ದಿನವೂ ತೆಗೆಯಿರಿ.

ರಬ್ಬರ್ ಮರದ ಹಲಗೆಗೆ ಹುಳ ಹಿಡಿಯದಂತೆ ಬೋರಾನ್ ಮದ್ದು ಹಾಕುತ್ತಾರೆ. ಪ್ಲೈವುಡ್ ಅಂಟಿನಲ್ಲಿ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಇರುತ್ತದೆ. ಇಂತಹ ಹಲಗೆ ಕೊಯ್ದ ಹುಡಿ ಹಟ್ಟಿಗೂ ಬೇಡ, ಒಲೆಗೂ ಬೇಡ. ಹುಡಿ ಕೊಳ್ಳುವಾಗ ಹಸಿ ಮರ ಕೊಯ್ದದ್ದೋ, ಪೀಠೋಪಕರಣದ ಅಂಗಡಿಯದೋ ಎಂದು ಕೇಳಿರಿ.

ಒಲೆಯಲ್ಲಿ

ಗುಳಿಗೆಯನ್ನು ಮೂರು ಕಲ್ಲಿನ ಒಲೆಗೆ ಸುರಿದರೆ ಗಾಳಿಯಾಡದೆ ಹೊಗೆಯಷ್ಟೇ ಬರುತ್ತದೆ. ಅದಕ್ಕೆ ಗಾಳಿ ಊದುವ ಬೇರೆ ಒಲೆಯೇ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂತ್ರದಿಂದ ತಯಾರಾದ 'ಊರ್ಜಾ' ಒಲೆ 2006ರಲ್ಲಿ ಬಂದಾಗ ಕೃಷಿ ತ್ಯಾಜ್ಯದ ಗುಳಿಗೆಯಿಂದ ಚೆನ್ನಾಗಿ ಉರಿಯಿತು. ಮುಂದೆ ಗುಳಿಗೆಯ ಬೆಲೆ ಏರಿದಾಗ ಎಷ್ಟೋ ಮನೆಗಳಲ್ಲಿ ಅದು ಮೂಲೆ ಸೇರಿತು. ಆದ್ದರಿಂದ ಒಲೆಯ ಬೆಲೆಗಿಂತ ಮೊದಲು ಗುಳಿಗೆಯ ಬೆಲೆ ವಿಚಾರಿಸಿರಿ. ಒಂದು ಕಿಲೋ ಅಡುಗೆ ಅನಿಲದ ಶಾಖಕ್ಕೆ ಸುಮಾರು ಮೂರು ಕಿಲೋ ಗುಳಿಗೆ ಬೇಕು. ಬೆಕ್ಕಿಗೆಂದು ದುಬಾರಿ ಬೆಲೆಗೆ ಮಾರುವ ಚೀಲವನ್ನು ಒಲೆಗೆ ಹಾಕಿದರೆ ನಷ್ಟವೇ.

ಡಬ್ಬದಲ್ಲಿ ಹುಡಿ ತುಂಬಿ, ನಡುವೆ ತೂತು ಬಿಟ್ಟು ಉರಿಸುವ ಹಳೆಯ ಹುಡಿ ಒಲೆಯಾದರೂ ಸರಿ, ಬಾಗಿಲು ಕಿಟಕಿ ಮುಚ್ಚಿ ಉರಿಸಬೇಡಿ. ಅರೆಬೆಂದ ಹುಡಿಯಿಂದ ಏಳುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ. ಮಲಗಿದವರು ಏಳದೇ ಹೋಗಬಹುದು. ಒಲೆ ಹೊಗೆಯಂತಹ ಮನೆಯೊಳಗಿನ ಮಾಲಿನ್ಯದಿಂದ 2020ರಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಬೆಕ್ಕಿನ ತಟ್ಟೆಯಲ್ಲಿ

ಗುಳಿಗೆ ಮೂತ್ರ ಹೀರಿ ಹುಡಿಯಾಗುತ್ತದೆ, ವಾಸನೆಯೂ ಕಡಿಮೆ. ಆದರೆ ಕೆಲವು ಬೆಕ್ಕುಗಳ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ರೋಗಾಣು ಇರುತ್ತದೆ. ಬಸುರಿ ಹೆಂಗಸಿಗೆ ಇದು ಹೊಸದಾಗಿ ತಗಲಿದರೆ ಗರ್ಭಪಾತವಾಗಬಹುದು, ಮಗುವಿನ ಕಣ್ಣಿಗೂ ಮಿದುಳಿಗೂ ಹಾನಿಯಾಗಬಹುದು. ಮಲದೊಂದಿಗೆ ಹೊರಬಂದ ಈ ರೋಗಾಣು ಸೋಂಕು ಹರಡುವಷ್ಟು ಬಲಿಯಲು 1ರಿಂದ 5 ದಿನ ಬೇಕು. ಆದುದರಿಂದ:

1. ತಟ್ಟೆಯನ್ನು ದಿನವೂ ಶುಚಿ ಮಾಡಿರಿ.
2. ಬಸುರಿಯರು ಈ ಕೆಲಸ ಮಾಡುವುದು ಬೇಡ. ಮನೆಯ ಬೇರೆಯವರು ಮಾಡಲಿ. ಆಮೇಲೆ ಸಾಬೂನಿನಿಂದ ಕೈ ತೊಳೆಯಲಿ.
3. ತಟ್ಟೆಯ ಹುಡಿಯನ್ನು ಬಸಳೆ, ಹರಿವೆಯ ಬುಡಕ್ಕೆ ಹಾಕಬೇಡಿ. ಬಾವಿಯಿಂದ ದೂರ ಹೊಂಡ ತೋಡಿ ಮುಚ್ಚಿರಿ. ಮಣ್ಣಿನಲ್ಲಿ ಈ ರೋಗಾಣು ಒಂದು ವರ್ಷಕ್ಕೂ ಮಿಕ್ಕಿ ಬದುಕಬಲ್ಲದು.
4. ಹಿತ್ತಿಲಿನ ಸೊಪ್ಪು ತರಕಾರಿಯನ್ನು ಚೆನ್ನಾಗಿ ತೊಳೆದು ಬೇಯಿಸಿರಿ.

ಕೊನೆಗೆ ಎಲ್ಲಿಗೆ?

ಹಟ್ಟಿಯ ಒದ್ದೆ ಹುಡಿಯನ್ನು ಒಣಗಿಸಿ ಒಲೆಗೆ ಹಾಕುವ ಆಸೆ ಬೇಡ. ಅದರ ಹೊಗೆ ಕಣ್ಣಿಗೂ ಎದೆಗೂ ಕೆಟ್ಟದು. ಅದರ ಜಾಗ ಗೊಬ್ಬರದ ಗುಂಡಿ. ಆದರೆ ನೇರವಾಗಿ ಗಿಡದ ಬುಡಕ್ಕೆ ಸುರಿದರೆ, ಹುಡಿ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ತಾನೇ ಎಳೆದುಕೊಂಡು ಎಲೆ ಹಳದಿಯಾಗುತ್ತದೆ. ಸಗಣಿ, ಹಸಿ ಸೊಪ್ಪಿನೊಡನೆ ಪದರ ಪದರವಾಗಿ ಹಾಕಿ, ಹುಡಿ ಪೂರ್ತಿ ಕರಗಿ ಕಪ್ಪಾದ ಮೇಲೆ ತೆಂಗು ಕಂಗಿಗೆ ಹಾಕಿರಿ.

ಒಟ್ಟಿನಲ್ಲಿ, ಶುದ್ಧ ಮರದ ಒಣ ಗುಳಿಗೆ ಒಲೆಗೂ ಸೈ, ಹಟ್ಟಿಗೂ ಸೈ. ಪ್ರಾಣಿಯ ಅಡಿಗೆ ಬಿದ್ದ ಮೇಲೆ ಹಟ್ಟಿಯದು ಗೊಬ್ಬರದ ಗುಂಡಿಗೆ, ಬೆಕ್ಕಿನದು ಮಣ್ಣಿನಡಿಗೆ. ಒಲೆಗೆ ಮಾತ್ರ ಹಿಂದಿರುಗಬಾರದು.